ಟಿಕೆಟ್‌ನಲ್ಲಿ ಲ್ಯಾಪ್‌ಟಾಪ್ ಇದೆ, ಅದರ ರ‍್ಯಾಮ್ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಐಟಿ ದೂರುಗಳನ್ನು ನಿಭಾಯಿಸಲು ಸರ್ವಿಸ್‌ನೌ ಅನ್ನುವ ಸಾಫ್ಟ್‌ವೇರ್ ಬಳಸುತ್ತೇವೆ. 'ಲ್ಯಾಪ್‌ಟಾಪ್ ಸ್ಲೋ' ಅಂತ ಇನ್ಸಿಡೆಂಟ್ (ದೂರಿನ ಟಿಕೆಟ್) ಬಂದಾಗ, ಆ ಲ್ಯಾಪ್‌ಟಾಪ್‌ನ ರ‍್ಯಾಮ್ 8 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಟಿಕೆಟ್ ನೇರವಾಗಿ ಹಾರ್ಡ್‌ವೇರ್ ಟೀಮಿಗೆ ಹೋಗಬೇಕು. ಇಂಥ ನಿಯಮ ಕಟ್ಟುವ ಫ್ಲೋ ಡಿಸೈನರ್‌ನಲ್ಲಿ ಕಾನ್ಫಿಗರೇಶನ್ ಐಟಂ (ಯಾವ ಸಾಧನದ ದೂರು ಅಂತ ಹೇಳುವ ಫೀಲ್ಡ್) ಒತ್ತಿದರೆ ಅದನ್ನು ಬಳಸುವವರ ಇಮೇಲ್ ಕೂಡ ಸಿಗುತ್ತದೆ, ರ‍್ಯಾಮ್ ಮಾತ್ರ ಪಟ್ಟಿಯಲ್ಲೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ನೋಡಿದರೆ ಅಕ್ಷರ, ಅಂಕಿ ಬೆರೆತ ಉದ್ದ ಸಾಲೊಂದು ಬರುತ್ತದೆ. ಏನು ಮಾಡಲಿ?
– ಸರ್ವಿಸ್ ಡೆಸ್ಕ್ ಅಡ್ಮಿನ್, ಮೈಸೂರು

ಉತ್ತರ: ಆ ಉದ್ದ ಸಾಲಿನಲ್ಲೇ ನಿಮ್ಮ ಉತ್ತರವಿದೆ. ಎಣಿಸಿ ನೋಡಿ, ಸರಿಯಾಗಿ 32 ಅಕ್ಷರ ಇರುತ್ತದೆ. ಅದು ಆ ಲ್ಯಾಪ್‌ಟಾಪ್ ದಾಖಲೆಯ ಸಿಸ್ ಐಡಿ, ಅಂದರೆ ಪ್ರತಿ ದಾಖಲೆಗೂ ಬೇರೆ ಬೇರೆ ಇರುವ ಗುರುತು. ಟಿಕೆಟ್‌ನಲ್ಲಿ ಲ್ಯಾಪ್‌ಟಾಪ್‌ನ ವಿವರ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ಗುರುತು ಮಾತ್ರ ಇರುತ್ತದೆ. ಕೈಯಲ್ಲಿ ಸರ್ವೆ ನಂಬರ್ ಇದ್ದ ಹಾಗೆ. ಜಮೀನಿನ ವಿವರ ಬೇಕಾದರೆ ಪಹಣಿ ತೆಗೆಸಲೇಬೇಕು ಅಲ್ವಾ?

ಹಾಗಾದರೆ ಇಮೇಲ್ ಹೇಗೆ ಸಿಕ್ಕಿತು? ಟಿಕೆಟ್‌ನಿಂದ ಕಾನ್ಫಿಗರೇಶನ್ ಐಟಂ, ಅಲ್ಲಿಂದ 'ಅಸೈನ್ಡ್ ಟು', ಅಲ್ಲಿಂದ ಇಮೇಲ್ ಅಂತ ಚುಕ್ಕಿ ಹಿಡಿದು ಮುಂದೆ ಹೋಗಬಹುದು. ಇದಕ್ಕೆ ಡಾಟ್ ವಾಕಿಂಗ್ ಅನ್ನುತ್ತಾರೆ. ಆದರೆ ಕಾನ್ಫಿಗರೇಶನ್ ಐಟಂ ಫೀಲ್ಡ್ ತೋರಿಸುವುದು ಎಲ್ಲ ಐಟಂಗಳಿಗೂ ಸೇರಿದ ಮೂಲ ಟೇಬಲ್ಲನ್ನು. ಹೆಸರು, 'ಅಸೈನ್ಡ್ ಟು', ವಾರಂಟಿ ಮುಗಿಯುವ ದಿನ ಎಲ್ಲ ಅಲ್ಲಿವೆ. ರ‍್ಯಾಮ್ ಇರುವುದು ಅದರ ಕೆಳಗಿನ ಕಂಪ್ಯೂಟರ್ ಟೇಬಲ್‌ನಲ್ಲಿ. ಎಲ್ಲ ಐಟಂಗಳಿಗೂ ಆ ಫೀಲ್ಡ್ ಬೇಕಿಲ್ಲ, ಅದಕ್ಕೇ ಮೂಲ ಟೇಬಲ್‌ನಲ್ಲಿ ಇಟ್ಟಿಲ್ಲ. ನೀವು ತಪ್ಪು ಮಾಡಿಲ್ಲ, ಒಂದು ಹೆಜ್ಜೆ ಬಾಕಿ ಇತ್ತು ಅಷ್ಟೇ.

ಫ್ಲೋನಲ್ಲಿ 'ಲುಕ್ ಅಪ್ ರೆಕಾರ್ಡ್' ಸೇರಿಸಿ. ಟೇಬಲ್ ಕಂಪ್ಯೂಟರ್ ಅಂತ ಇರಲಿ. ಷರತ್ತಿನಲ್ಲಿ ಸಿಸ್ ಐಡಿಗೆ ಟಿಕೆಟ್‌ನ ಕಾನ್ಫಿಗರೇಶನ್ ಐಟಂ ಪಿಲ್ (ಹಿಂದಿನ ಹೆಜ್ಜೆಯ ಮಾಹಿತಿ ಹೊತ್ತ ಪುಟ್ಟ ಗುಂಡಿ) ಎಳೆದು ಹಾಕಿ. ಮೂಲ ಟೇಬಲ್, ಅದರ ಕೆಳಗಿನ ಟೇಬಲ್ ಎರಡರಲ್ಲೂ ಒಂದೇ ದಾಖಲೆಗೆ ಒಂದೇ ಸಿಸ್ ಐಡಿ, ಹಾಗಾಗಿ ಸರಿಯಾದದ್ದೇ ಸಿಗುತ್ತದೆ. ಈಗ ಆ ಹೆಜ್ಜೆಯ ಪಿಲ್‌ಗಳಲ್ಲಿ ರ‍್ಯಾಮ್ ಕಾಣುತ್ತದೆ. ಸ್ಕ್ರಿಪ್ಟ್ ಬರೆಯುವವರು ಕಂಪ್ಯೂಟರ್ ಟೇಬಲ್ ಮೇಲೆ ಗ್ಲೈಡ್‌ರೆಕಾರ್ಡ್ (ಟೇಬಲ್ಲಿನ ದಾಖಲೆ ಓದುವ ಸರ್ವಿಸ್‌ನೌ ಸಾಧನ) ತೆರೆದು, ಅದೇ ಐಡಿಯಿಂದ 'ಗೆಟ್' ಮಾಡಿದರೆ ಸಾಕು.

ಈಗ ಮುಖ್ಯವಾದ ವಿಷಯ. ರ‍್ಯಾಮ್ ಅಲ್ಲಿ ಜಿಬಿಯಲ್ಲಿಲ್ಲ, ಎಂಬಿಯಲ್ಲಿದೆ. 8 ಜಿಬಿ ಅಂದರೆ 8192. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ನಾನೇ '8 ಅಥವಾ ಕಡಿಮೆ' ಅಂತ ಬರೆದಿದ್ದೆ. ಎರಡು ದಿನ ಒಂದೇ ಒಂದು ಟಿಕೆಟ್ ಹಾರ್ಡ್‌ವೇರ್ ಟೀಮಿಗೆ ಹೋಗಲಿಲ್ಲ. ಎರರ್ ಕೂಡ ಬರಲಿಲ್ಲ, ಯಾಕೆಂದರೆ ನಿಯಮ ತನ್ನ ಲೆಕ್ಕದಲ್ಲಿ ಸರಿಯಾಗೇ ಓಡುತ್ತಿತ್ತು.

ರ‍್ಯಾಮ್ ಫೀಲ್ಡ್ ಖಾಲಿ ಇರುವ ಲ್ಯಾಪ್‌ಟಾಪ್‌ಗಳನ್ನೂ ಮರೆಯಬೇಡಿ. ಎಕ್ಸೆಲ್ ಶೀಟಿನಿಂದ ಹೆಸರು, ಸೀರಿಯಲ್ ನಂಬರ್ ಮಾತ್ರ ಏರಿಸಿದ ಕಡೆ ಇಂಥವು ಜಾಸ್ತಿ. ಸ್ಕ್ರಿಪ್ಟ್‌ನಲ್ಲಿ ಸುಮ್ನೆ ಹೋಲಿಸಿದರೆ ಜಾವಾಸ್ಕ್ರಿಪ್ಟ್ ಖಾಲಿಯನ್ನು ಸೊನ್ನೆ ಅಂತ ಹಿಡಿಯುತ್ತದೆ. ಸೊನ್ನೆ 8192ಕ್ಕಿಂತ ಕಡಿಮೆ, ಆ ಟಿಕೆಟ್‌ಗಳೆಲ್ಲ ಹಾರ್ಡ್‌ವೇರ್ ಟೀಮಿನ ತಲೆ ಮೇಲೆ ಬೀಳುತ್ತವೆ. 'ಖಾಲಿ ಇಲ್ಲ' ಅನ್ನುವ ಷರತ್ತನ್ನು ಮೊದಲೇ ಹಾಕಿ. ಸರ್ವರ್‌ಗಳೂ ಕಂಪ್ಯೂಟರ್ ಟೇಬಲ್‌ನ ಕೆಳಗೇ ಬರುತ್ತವೆ, ಕ್ಲಾಸ್ (ಐಟಂ ಯಾವ ಬಗೆಯದು ಅನ್ನುವ ಫೀಲ್ಡ್) ನೋಡಿ ಅವನ್ನು ಹೊರಗಿಡಿ.

ಇನ್ನು ಟ್ರಿಗರ್, ಅಂದರೆ ಫ್ಲೋ ಯಾವಾಗ ಶುರುವಾಗಬೇಕು ಅನ್ನುವುದು. ಟಿಕೆಟ್ ಹುಟ್ಟುವಾಗ ಎಷ್ಟೋ ಸಲ ಕಾನ್ಫಿಗರೇಶನ್ ಐಟಂ ಖಾಲಿ ಇರುತ್ತದೆ. ಡೆಸ್ಕಿನವರು ಫೋನ್ ಮಾಡಿ, ಯಾವ ಲ್ಯಾಪ್‌ಟಾಪ್ ಅಂತ ಕೇಳಿ ಆಮೇಲೆ ತುಂಬುತ್ತಾರೆ. 'ಕ್ರಿಯೇಟೆಡ್' ಮಾತ್ರ ಇಟ್ಟರೆ ನಿಮ್ಮ ಫ್ಲೋ ಅಷ್ಟರಲ್ಲಿ ಓಡಿ ಮುಗಿದಿರುತ್ತದೆ. 'ಕ್ರಿಯೇಟೆಡ್ ಆರ್ ಅಪ್‌ಡೇಟೆಡ್' ಆರಿಸಿ, ಐಟಂ ಖಾಲಿ ಇಲ್ಲ ಅನ್ನುವ ಷರತ್ತು ಹಾಕಿ, ಓಡುವುದು 'ಒನ್ಸ್' (ಒಂದು ಟಿಕೆಟ್‌ಗೆ ಒಂದೇ ಸಲ) ಇರಲಿ. ಆಮೇಲೆ 4 ಜಿಬಿಯ ಒಂದು, 16 ಜಿಬಿಯ ಒಂದು, ರ‍್ಯಾಮ್ ತುಂಬದ ಒಂದು ಲ್ಯಾಪ್‌ಟಾಪ್ ಹಾಕಿ ಮೂರು ಟಿಕೆಟ್ ತೆರೆದು ನೋಡಿ. ಮೊದಲನೆಯದು ಮಾತ್ರ ಹಾರ್ಡ್‌ವೇರ್ ಟೀಮಿಗೆ ಹೋದರೆ ನಿಮ್ಮ ನಿಯಮ ಸರಿ ಇದೆ.