ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೂ ನಿಲ್ಲಬೇಕಲ್ವಾ, ಮೇಷ್ಟ್ರೇ?

ಓದುಗರ ಪತ್ರ: ಗೌರಿಬಿದನೂರಿನ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಬರೆದ ಉದ್ದದ ಕಾಗದದ ಸಾರ ಇದು. "ಭೂಮಿ ಬಿಸಿಯಾಗುತ್ತಿದೆ ಅಂತ ಸಂಚಿಕೆ ಸಂಚಿಕೆಗೂ ಹೆದರಿಸುತ್ತೀರಿ. 2021ರಲ್ಲಿ ನಮ್ಮ ಕೆರೆಗಳೆಲ್ಲ ಕೋಡಿ ಹರಿದವು, ಆಗ ಎಲ್ಲಿತ್ತು ನಿಮ್ಮ ಬಿಸಿ? ಸೂರ್ಯನ ಶಾಖ ಏರುಪೇರಾಗುವುದು ಪ್ರಕೃತಿಯ ನಿಯಮ. ಹಿಮಾಲಯದ ಹಿಮ 2035ಕ್ಕೆ ಕರಗಿಹೋಗುತ್ತೆ ಅಂದ ವಿಜ್ಞಾನಿಗಳು ಸಿಕ್ಕಿಬಿದ್ದರು. ಅಮೆರಿಕದ ಅಧ್ಯಕ್ಷರೇ ಇದು ಮೋಸ ಅಂದಿದ್ದಾರೆ. ನಾವು ಮುಂದೆ ಬರಬಾರದು ಅಂತ ಶ್ರೀಮಂತ ದೇಶಗಳು ಹೂಡಿದ ಆಟ ಇದು. ಪ್ರಶ್ನೆ ಮಾಡಿ ಅಂತ ಕಲಿಸಿದವರು ನಮ್ಮ ತಾಲ್ಲೂಕಿನ ಎಚ್. ನರಸಿಂಹಯ್ಯನವರು. ನಾನು ಪ್ರಶ್ನೆ ಮಾಡುತ್ತಿದ್ದೇನೆ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದವನ್ನು ಆಫೀಸಿನಲ್ಲಿ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಈ ವಿಷಯ ಬರೆದಾಗೆಲ್ಲ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಬೈಗುಳವೇ ಜಾಸ್ತಿ. ನೀವು ಒಂದೊಂದು ಪ್ರಶ್ನೆಗೂ ನಂಬರು ಹಾಕಿ, ಅಡಿಗೆರೆ ಎಳೆದು ಕೇಳಿದ್ದೀರಿ. ಇಷ್ಟು ಉದ್ದದ ಉತ್ತರ ಅದಕ್ಕೇ. ಆದರೆ ಎಚ್.ಎನ್. ಹೆಸರು ತಂದಿರಲ್ಲ, ಅದು ನನಗೆ ಸ್ವಲ್ಪ ಚುಚ್ಚಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದ ಅವರು 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಪವಾಡ ಮಾಡುತ್ತೇನೆ ಅನ್ನುವವರಿಗೆ ಪತ್ರ ಬರೆದು, ನಮ್ಮ ಮುಂದೆ ಮಾಡಿ ತೋರಿಸಿ ಅಂತ ಕರೆದರು. ಸುಮ್ನೆ ಅನುಮಾನ ಎಸೆದು ಎದ್ದುಹೋದವರಲ್ಲ ಅವರು. ನಿಮ್ಮ ಪ್ರಶ್ನೆಗಳಿಗೆ ಉತ್ತರ ಬಂದು ಎಷ್ಟೋ ವರ್ಷಗಳಾದವು. ಕೇಳಿಸಿಕೊಳ್ಳಲು ಯಾರೂ ನಿಲ್ಲುತ್ತಿಲ್ಲ, ಅದೇ ನನ್ನ ತಕರಾರು.

ನಿಂತವರೊಬ್ಬರ ಕಥೆ ಹೇಳುತ್ತೇನೆ. ರಿಚರ್ಡ್ ಮುಲ್ಲರ್ ಅಂತ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರು. ಅವರಿಗೂ ನಿಮ್ಮಂತೆಯೇ ಅನುಮಾನ. ತಾಪಮಾನ ಅಳೆಯುವ ಕೇಂದ್ರಗಳು ಸರಿ ಇವೆಯಾ, ಊರು ಬೆಳೆದು ಕಾಂಕ್ರೀಟಿನ ಬಿಸಿ ಲೆಕ್ಕದಲ್ಲಿ ಸೇರಿಕೊಂಡಿದೆಯಾ ಅಂತ. ಒಂದು ತಂಡ ಕಟ್ಟಿ ಲೋಕದ ಹಳೆಯ ದಾಖಲೆಗಳನ್ನೆಲ್ಲ ತಾವೇ ಹೊಸದಾಗಿ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ತೈಲ ಉದ್ಯಮದ ಚಾರ್ಲ್ಸ್ ಕೋಚ್ ಅವರ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಮುಲ್ಲರ್ ಬಹಿರಂಗವಾಗಿ ಬರೆದರು: ಭೂಮಿ ಬಿಸಿಯಾಗಿರುವುದು ನಿಜ, ಹೆಚ್ಚುಕಡಿಮೆ ಪೂರ್ತಿ ಮನುಷ್ಯನಿಂದಲೇ ಆಗಿರುವುದು. ಎಚ್.ಎನ್. ಇದ್ದಿದ್ದರೆ ಈ ಮನುಷ್ಯನ ಬೆನ್ನು ತಟ್ಟುತ್ತಿದ್ದರು ಅಂತ ನನಗೆ ಅನ್ನಿಸುತ್ತೆ.

ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೂ ಅಲ್ಲ. 1856ರಲ್ಲಿ ಯೂನಿಸ್ ಫೂಟ್ ಅನ್ನುವ ಅಮೆರಿಕದ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಥರ್ಮಾಮೀಟರ್ ಇಟ್ಟು, ಒಂದಕ್ಕೆ ಮಾಮೂಲಿ ಗಾಳಿ, ಇನ್ನೊಂದಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿ ಬಿಸಿಲಿಗಿಟ್ಟರು. ಎರಡನೆಯದು ಜಾಸ್ತಿ ಕಾಯಿತು, ಆರುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ ಈ ಅನಿಲ ಎರಡರಷ್ಟಾದರೆ ಭೂಮಿ ಎಷ್ಟು ಕಾಯುತ್ತೆ ಅಂತ ಕೈಯಲ್ಲೇ ಲೆಕ್ಕ ಹಾಕಿದರು. 1938ರಲ್ಲಿ ಗೈ ಕ್ಯಾಲೆಂಡರ್ ಅನ್ನುವ ಇಂಗ್ಲೆಂಡಿನ ಸ್ಟೀಮ್ ಎಂಜಿನಿಯರ್ ಊರೂರಿನ ತಾಪಮಾನದ ದಾಖಲೆ ಕೂಡಿಸಿ, ಏರಿಕೆ ಶುರುವಾಗಿದೆ ಅಂದರು. ಹವಾಮಾನದ ದೊಡ್ಡವರು ಆಗ ಅವರನ್ನು ನಂಬಲಿಲ್ಲ! ವಿಜ್ಞಾನಿಗಳೆಲ್ಲ ಗುಂಪು ಕಟ್ಟಿಕೊಂಡು ಹೇಳುತ್ತಾರೆ ಅನ್ನುವವರು ಇದನ್ನು ಗಮನಿಸಬೇಕು. ಮೊದಲು ಅನುಮಾನ ಪಟ್ಟವರು ವಿಜ್ಞಾನಿಗಳೇ. 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ನಡೆಯುತ್ತಿದೆ. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 315 ಪಾಲು ಇತ್ತು, ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ನೋಡಿದರೆ, ಕಾರ್ಖಾನೆ ಯುಗಕ್ಕೆ ಮುಂಚಿನ 8 ಲಕ್ಷ ವರ್ಷಗಳಲ್ಲಿ ಅದು 300ರ ಆಚೆಗೆ ಹೋದದ್ದಿಲ್ಲ.

ಸೂರ್ಯನ ಮಾತಿಗೆ ಬರೋಣ. ಸೂರ್ಯನನ್ನು ನೋಡಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ಗೌರಿಬಿದನೂರಿನ ಹತ್ತಿರವೇ 1976ರಿಂದ ರೇಡಿಯೊ ವೀಕ್ಷಣಾಲಯ ಇದೆ. ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿ ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿದು ಅಭ್ಯಾಸ ಮಾಡುತ್ತಾರೆ. ಭೂಮಿಗೆ ಬೀಳುವ ಶಾಖವನ್ನು 1978ರಿಂದ ಉಪಗ್ರಹಗಳು ಅಳೆಯುತ್ತಿವೆ. 11 ವರ್ಷಕ್ಕೊಮ್ಮೆ ಸ್ವಲ್ಪ ಏರುತ್ತೆ, ಇಳಿಯುತ್ತೆ. ಒಟ್ಟಾರೆ ಏರಿಕೆ ಇಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಅದು ತಣ್ಣಗಾಗಿದೆ, ಕೆಳಗಿನ ಪದರ ಮಾತ್ರ ಕಾದಿದೆ. ಅಂದರೆ ಬಿಸಿ ಕೆಳಗೇ ಸಿಕ್ಕಿಹಾಕಿಕೊಂಡಿದೆ. ವಿಜ್ಞಾನ ಪಾಠ ಮಾಡಿದವರು ನೀವು, ಇದಕ್ಕಿಂತ ಹೆಚ್ಚು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೆರೆ ಕೋಡಿಯ ವಾದ ಓದಿದಾಗ ನನಗೆ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ನೆನಪಾದರು. 2015ರ ಫೆಬ್ರವರಿಯಲ್ಲಿ ಆತ ಹಿಮದ ಉಂಡೆಯೊಂದನ್ನು ಸೆನೆಟ್ ಸಭೆಗೇ ತಂದು, ಹೊರಗೆ ಎಷ್ಟು ಚಳಿ ನೋಡಿ ಅಂತ ಎಸೆದರು. ಒಂದು ದಿನದ ಚಳಿಯಿಂದ ಲೋಕದ ಲೆಕ್ಕ ತೀರಿಸುವುದು, ಒಂದು ವರ್ಷದ ಕೋಡಿಯಿಂದ ತೀರಿಸುವುದು, ಎರಡೂ ಒಂದೇ ಅಲ್ವಾ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದಾಗ ಒಮ್ಮೆಲೇ ಸುರಿಯುತ್ತೆ, ಇಲ್ಲದಾಗ ಪೂರ್ತಿ ಕೈಕೊಡುತ್ತೆ. ಮಧ್ಯಭಾರತದಲ್ಲಿ ಹೀಗೆ ವಿಪರೀತ ಸುರಿಯುವ ಮಳೆ 1950ರಿಂದ ಈಚೆಗೆ ಮೂರು ಪಟ್ಟಾಗಿದೆ ಅಂತ ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. 2021ರ ನಮ್ಮ ಮಳೆಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಯಾವ ವಿಜ್ಞಾನಿಯೂ ಹಾಗೆ ಹೇಳುವುದಿಲ್ಲ. ಆದರೆ ನೆನಪು ಮಾಡಿಕೊಳ್ಳಿ. ಆ ನವೆಂಬರಿನಲ್ಲಿ ಕೋಲಾರ, ಚಿಂತಾಮಣಿ ಕಡೆ ಟೊಮೆಟೊ ಗಿಡದಲ್ಲೇ ಕೊಳೆಯಿತು, ರಾಗಿ ತೆನೆ ಹೊಲದಲ್ಲೇ ಮೊಳಕೆ ಒಡೆಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಸಾರಿತು.

ಹಿಮಾಲಯದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಹವಾಮಾನ ಬದಲಾವಣೆಯ ಅಧ್ಯಯನಗಳನ್ನು ಒಟ್ಟುಮಾಡಿ ವರದಿ ಕೊಡುವ ವಿಶ್ವಸಂಸ್ಥೆಯ ಸಂಸ್ಥೆ ಐಪಿಸಿಸಿಯ 2007ರ ವರದಿಯಲ್ಲಿ 2035 ಅಂತ ಬಂದಿತ್ತು, ಅದಕ್ಕೆ ಆಧಾರ ಇರಲಿಲ್ಲ. ನಮ್ಮವರೇ ಆದ ಭೂವಿಜ್ಞಾನಿ ವಿ.ಕೆ. ರೈನಾ ಪ್ರಶ್ನೆ ಎತ್ತಿದಾಗ ಸಂಸ್ಥೆಯ ಅಧ್ಯಕ್ಷ ಪಚೌರಿ ಅದನ್ನು ಹೀಯಾಳಿಸಿದರು. 2010ರ ಜನವರಿಯಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡಿತು. ಸಾವಿರ ಪುಟದ ವರದಿಯ ಆ ಒಂದು ಸಾಲು ಬಿದ್ದುಹೋಯಿತು, ಹಿಮ ಕರಗುವುದಂತೂ ನಿಲ್ಲಲಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ಭಾಗ. ನಿಮ್ಮ ಪತ್ರದಲ್ಲಿರುವ ಅನುಮಾನಗಳು ಗೌರಿಬಿದನೂರಿನಲ್ಲಿ ಹುಟ್ಟಿದವಲ್ಲ, ಮೇಷ್ಟ್ರೇ. ದುಡ್ಡು ಕೊಟ್ಟು ಮಾಡಿಸಿದವು. ಎಕ್ಸಾನ್ ಅನ್ನುವ ಅಮೆರಿಕದ ತೈಲ ಕಂಪನಿಯ ಸ್ವಂತ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1977ರಲ್ಲೇ ಆಡಳಿತದವರ ಮುಂದೆ ನಿಂತು, ನಾವು ಸುಡುವ ಎಣ್ಣೆಯಿಂದ ಭೂಮಿ ಕಾಯುತ್ತೆ ಅಂತ ಹೇಳಿದ್ದರು. ಕಂಪನಿಯೊಳಗೇ ಹಾಕಿಸಿದ ಅಂದಾಜುಗಳು ಎಷ್ಟು ಕರಾರುವಾಕ್ಕಾಗಿದ್ದವು ಅನ್ನುವುದನ್ನು 2023ರಲ್ಲಿ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಒಳಗೆ ಇಷ್ಟು ಗೊತ್ತಿಟ್ಟುಕೊಂಡು ಹೊರಗೆ ಏನು ಮಾಡಿದರು? ಇನ್ನೂ ಖಚಿತವಿಲ್ಲ ಅಂತ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು, ಅನುಮಾನ ಹರಡುವ ಸಂಸ್ಥೆಗಳಿಗೆ ಹಣ ಕೊಟ್ಟರು. ಈ ವಿದ್ಯೆ ಸಿಗರೇಟು ಕಂಪನಿಗಳದ್ದು. ಅನುಮಾನವೇ ನಮ್ಮ ಸರಕು ಅಂತ 1969ರ ಒಂದು ತಂಬಾಕು ಕಂಪನಿಯ ಕಾಗದದಲ್ಲಿ ನೇರವಾಗಿ ಬರೆದಿದೆ. ಆ ಸರಕು ಅಲ್ಲಿಂದ ಕೈಯಿಂದ ಕೈಗೆ ಬಂದು, ಕನ್ನಡಕ್ಕೆ ತಿರುಗಿ, ಕೊನೆಗೆ ನಿಮ್ಮ ವಾಕಿಂಗ್ ಗೆಳೆಯರ ಗ್ರೂಪಿನಲ್ಲಿ ಬಿದ್ದಿದೆ. ನಿಮ್ಮಂಥ ಓದಿಕೊಂಡವರು ಅದಕ್ಕೆ ಎಚ್.ಎನ್. ಹೆಸರು ಅಂಟಿಸಿ ನನಗೆ ಕಳಿಸಿದಾಗ ಬೇಜಾರಾಗದೆ ಇರುತ್ತಾ?

ಟ್ರಂಪ್ 2012ರಲ್ಲಿ ಇದು ಚೀನಾದವರು ಕಟ್ಟಿದ ಕಥೆ ಅಂದರು, 2025ರಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು ಮೋಸ ಅಂದರು. ನಮ್ಮ ಪ್ರಧಾನಿಯೂ 2014ರ ಶಿಕ್ಷಕರ ದಿನದಂದು ಅಸ್ಸಾಮಿನ ಮಗುವೊಂದು ಕೇಳಿದಾಗ, ಬದಲಾಗಿರುವುದು ಹವಾಮಾನ ಅಲ್ಲ, ನಾವು ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ ಸೌರಶಕ್ತಿಯ ಒಕ್ಕೂಟಕ್ಕೆ ಅವರೇ ಮುಂದೆ ನಿಂತರು, 2021ರಲ್ಲಿ ಗ್ಲಾಸ್ಗೊದಲ್ಲಿ, 2070ರೊಳಗೆ ದೇಶದ ನಿವ್ವಳ ಇಂಗಾಲದ ಹೊಗೆಯನ್ನು ಸೊನ್ನೆಗೆ ಇಳಿಸುವ ಗುರಿ ಘೋಷಿಸಿದರು. ರಾಜಕಾರಣಿಗಳ ಮಾತು ಕಾಲಕ್ಕೆ ತಕ್ಕಂತೆ ಬದಲಾಗುತ್ತೆ. ಅದನ್ನು ಸಾಕ್ಷಿ ಅಂತ ಹಿಡಿದುಕೊಳ್ಳಬೇಡಿ.

ಶ್ರೀಮಂತ ದೇಶಗಳ ಮೇಲಿನ ನಿಮ್ಮ ಸಿಟ್ಟು ಮಾತ್ರ ನನ್ನದೂ ಹೌದು. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಸುಮಾರು 14. ಬಡವರು ಹೊಟ್ಟೆಪಾಡಿಗೆ ಬಿಡುವ ಹೊಗೆಯನ್ನೂ ಶ್ರೀಮಂತರು ಷೋಕಿಗೆ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತ ದೆಹಲಿಯ ಪರಿಸರ ತಜ್ಞರಾದ ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ 1991ರಲ್ಲೇ ವಾದಿಸಿದರು. ಈ ವಾದ ನಿಲ್ಲಬೇಕಾದರೆ ಬಿಸಿ ನಿಜ ಅಂತ ಮೊದಲು ಒಪ್ಪಬೇಕು. ನಷ್ಟವೇ ಆಗಿಲ್ಲ ಅಂದರೆ ಪರಿಹಾರ ಯಾರನ್ನು ಕೇಳುತ್ತೀರಿ? ಪಾವಗಡದಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಎದ್ದಿತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ? ಇಂಥ ಜಗಳ ಆಡೋಣ ಬನ್ನಿ, ನಾನೂ ನಿಮ್ಮ ಜೊತೆ ಇರುತ್ತೇನೆ.

ಏಪ್ರಿಲ್‌ನಲ್ಲಿ ಶಿಡ್ಲಘಟ್ಟದ ಹತ್ತಿರ ರೇಷ್ಮೆ ಸಾಕುವ ಒಂದು ಹುಳು ಮನೆಗೆ ಹೋಗಿದ್ದೆ. ಕಿಟಕಿಗಳಿಗೆಲ್ಲ ಗೋಣಿ ತಾಟು ಕಟ್ಟಿ, ಮೇಲೆ ತೂತು ಕೊರೆದ ಪೈಪಿನಿಂದ ನೀರು ಹನಿಸುತ್ತಿದ್ದರು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳಕ್ಕೆ 25 ಡಿಗ್ರಿಯೊಳಗಿದ್ದರೆ ಒಳ್ಳೆಯದು. ಕಂಬಕ್ಕೆ ನೇತುಹಾಕಿದ್ದ ಥರ್ಮಾಮೀಟರು 33 ತೋರಿಸುತ್ತಿತ್ತು. ಹಾಕಿದ ಸೊಪ್ಪು ಹಾಗೇ ಬಾಡುತ್ತಿತ್ತು, ಹುಳುಗಳು ತಲೆ ಎತ್ತಿಕೊಂಡು ಸುಮ್ಮನಿದ್ದವು. ಮನೆಯಾಕೆ ಸಪ್ಪೆ ರೋಗದ ಹುಳುಗಳನ್ನು ಒಂದೊಂದಾಗಿ ಆರಿಸಿ ಸುಣ್ಣದ ಬಕೆಟ್ಟಿಗೆ ಹಾಕುತ್ತಾ, "ಅಣ್ಣಾ, ನಮ್ಮತ್ತೆ ಕಾಲದಲ್ಲಿ ಹೆಂಚಿನ ಮನೆಯಲ್ಲೇ ಬೇಸಿಗೆ ಬೆಳೆ ಆಗ್ತಿತ್ತು" ಅಂದರು. ಆಕೆಗೆ ಈ ಬಿಸಿ ಯಾಕೆ, ಮುಂದೆ ಏನು ಅಂತ ಕನ್ನಡದಲ್ಲಿ ಹೇಳುವವರು ಯಾರಿದ್ದಾರೆ? ಮುಂಗಾರು ಬಂತೆಂದರೆ ಟಿವಿಯಲ್ಲಿ ಜ್ಯೋತಿಷಿಗಳು ಕೂತು ಮಳೆ ಹೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಪಾವಗಡ ಸೀಮೆಯ ಕಡಲೆಕಾಯಿ ಬೇಸಾಯವನ್ನೇ ಹಿಡಿದು, ಮಳೆಯ ದಾಖಲೆ ನೋಡಿ ಯಾವಾಗ ಬಿತ್ತಿದರೆ ಲಾಭ ಅಂತ ಅಧ್ಯಯನ ಮಾಡಿದ್ದರು. ಅಂಥವರು 2025ರಲ್ಲಿ ತೀರಿಕೊಂಡಾಗ ನಮ್ಮ ಚಾನೆಲ್ಲುಗಳಲ್ಲಿ ಎಷ್ಟು ಹೊತ್ತು ಮಾತಾಡಿದರು?

ಇನ್ನೊಂದು ಹೊಸ ಚಾಳಿಯೂ ಶುರುವಾಗಿದೆ. ರಾಜಕಾಲುವೆ ಮುಚ್ಚಿ ಸೈಟು ಮಾಡಿದವರು, ಕೆರೆ ಏರಿ ರಿಪೇರಿಗೆ ಬಂದ ದುಡ್ಡು ತಿಂದವರು, ಊರಿಗೆ ನೀರು ನುಗ್ಗಿದ ಮೇಲೆ "ಹವಾಮಾನ ಬದಲಾವಣೆ ಸಾರ್, ಏನ್ ಮಾಡೋದು" ಅನ್ನುತ್ತಾರೆ. ಜನ ವಿಜ್ಞಾನವನ್ನೇ ಅನುಮಾನಿಸುವಂತೆ ಮಾಡಿದ್ದರಲ್ಲಿ ಇವರ ಪಾಲೂ ಇದೆ.

ಒಂದು ಕೆಲಸ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಅದರ ಅಂಕಿ ಬೆಂಗಳೂರಿಗೆ ಹೋಗುತ್ತೆ, ಊರಿನವರ ಕಣ್ಣಿಗೆ ಬೀಳುವುದು ಕಡಿಮೆ. ನಿಮ್ಮ ಹಳೆಯ ವಿದ್ಯಾರ್ಥಿಗಳು ಪಂಚಾಯಿತಿ ಸದಸ್ಯರಾಗಿದ್ದಾರೆ ಅಂತ ಬರೆದಿದ್ದೀರಿ. ಅವರಿಗೆ ಹೇಳಿ, ತಿಂಗಳು ತಿಂಗಳಿನ ಮಳೆ ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಬರೆಸಿದ ಪಂಚಾಯಿತಿಗಳ ಅಂಕಿಗಳನ್ನು ನಾವು ಪ್ರತಿ ಸಂಚಿಕೆಯಲ್ಲಿ ಹಾಕುತ್ತೇವೆ. ನಿಮ್ಮ ಮರುಪತ್ರಕ್ಕೂ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿರುತ್ತೇನೆ, ಕತ್ತರಿ ಹಾಕುವುದಿಲ್ಲ.