ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಿಟನ್ನಿನ ಚಳಿಗಾಲದ ದುಡ್ಡು ಯಾರಿಗೆ, ಎಷ್ಟು?

ಅಕ್ಟೋಬರ್ ಬಂತೆಂದರೆ ಬ್ರಿಟನ್ನಿನಲ್ಲಿರುವ ನಮ್ಮ ಓದುಗರಿಂದ ಒಂದೇ ವಿಷಯದ ಪತ್ರಗಳು ಬರುತ್ತವೆ. ಮನೆ ಬೆಚ್ಚಗಿಡುವ ಖರ್ಚಿಗೆ ಅಲ್ಲಿನ ಸರ್ಕಾರ ಹಿರಿಯರಿಗೆ ಕೊಡುವ ವಿಂಟರ್ ಫ್ಯೂಯೆಲ್ ಪೇಮೆಂಟ್ ಬಗ್ಗೆ. ಎರಡು ವರ್ಷದಲ್ಲಿ ಎರಡು ಸಲ ನಿಯಮ ಬದಲಾಗಿದೆ, ಹಾಗಾಗಿ ಈ ಸಲ ಗೊಂದಲ ಜಾಸ್ತಿ. ಐದು ಪತ್ರ ಆರಿಸಿಕೊಂಡಿದ್ದೇನೆ. ಎಲ್ಲ ಲೆಕ್ಕವೂ 2025-26ರ ಚಳಿಗಾಲದ್ದು.

ಪ್ರಶ್ನೆ: ನನಗೆ 71, ಯಜಮಾನರಿಗೆ 81. ಹೋದ ವರ್ಷ ಚಳಿಗಾಲದ ದುಡ್ಡು ಬರಲೇ ಇಲ್ಲ. ಈ ಸಲ ಬರುತ್ತದೆ ಅನ್ನುತ್ತಾರೆ. ಆದರೆ ಪಕ್ಕದ ಮನೆಯವರು, 'ನಿಮ್ಮಿಬ್ಬರ ಆದಾಯ ಸೇರಿದರೆ 35,000 ಪೌಂಡ್ ದಾಟುತ್ತದೆ, ಎಲ್ಲ ವಾಪಸ್ ಕೊಡಬೇಕು' ಎಂದು ಹೆದರಿಸಿದ್ದಾರೆ. ಯಜಮಾನರ ಪೆನ್ಷನ್‌ಗಳೆಲ್ಲ ಸೇರಿ ವರ್ಷಕ್ಕೆ 36,000 ಪೌಂಡ್, ನನ್ನದು 9,000. ಮೈಸೂರಿನಲ್ಲಿ ನನ್ನ ಹೆಸರಿನ ಮನೆಯಿದೆ, ಅದರ ಬಾಡಿಗೆ ಸ್ವಲ್ಪ ಬರುತ್ತದೆ. ಮೊನ್ನೆ ಮೊಬೈಲಿಗೆ 'ಈ ಲಿಂಕ್ ಒತ್ತಿ ಅರ್ಜಿ ಹಾಕಿ' ಎಂದು ಮೆಸೇಜ್ ಬೇರೆ ಬಂದಿದೆ. ಒತ್ತಲಾ?
– ಲೆಸ್ಟರ್‌ನ ಓದುಗರು

ಉತ್ತರ: ಮೊದಲು ಆ ಮೆಸೇಜ್. ಒತ್ತಬೇಡಿ ಅಮ್ಮ. ಅದು ಮೋಸ. ಸ್ಟೇಟ್ ಪೆನ್ಷನ್, ಅಂದರೆ ಅಲ್ಲಿನ ಸರ್ಕಾರ ವಯಸ್ಸಾದವರಿಗೆ ಕೊಡುವ ಪೆನ್ಷನ್ ಪಡೆಯುವವರಿಗೆ ಈ ದುಡ್ಡು ತಾನಾಗಿಯೇ ಬರುತ್ತದೆ, ಅರ್ಜಿಯೇ ಬೇಕಿಲ್ಲ. ಅರ್ಜಿ ಬೇಡದ ದುಡ್ಡಿಗೆ ಅರ್ಜಿ ಹಾಕಿ ಎಂದು ಯಾರೇ ಕೇಳಿದರೂ ಅವರಿಗೆ ಬೇಕಿರುವುದು ನಿಮ್ಮ ಬ್ಯಾಂಕ್ ವಿವರ ಅಷ್ಟೇ. ಆ ಮೆಸೇಜನ್ನು ಮೋಸದ ಮೆಸೇಜ್‌ಗಳ ದೂರಿಗಿರುವ 7726 ನಂಬರಿಗೆ ಕಳಿಸಿ, ಆಮೇಲೆ ಅಳಿಸಿಬಿಡಿ. ಅಕಸ್ಮಾತ್ ಯಾರಾದರೂ ಆಗಲೇ ವಿವರ ಕೊಟ್ಟಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ, ತಕ್ಷಣ ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ.

ಈಗ ಪಕ್ಕದ ಮನೆಯವರ ಮಾತು. ಅವರು ಹೇಳಿದ್ದು ತಪ್ಪು, ಆದರೆ ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. 35,000 ಪೌಂಡ್ ಮಿತಿ ಒಬ್ಬೊಬ್ಬರ ಆದಾಯಕ್ಕೆ, ಮನೆಯ ಒಟ್ಟು ಆದಾಯಕ್ಕಲ್ಲ. ಗಂಡ ಹೆಂಡತಿ ಲೆಕ್ಕ ಬೇರೆ ಬೇರೆ. ನಿಮ್ಮ ಮನೆಗೆ ಬರುವುದು ಒಟ್ಟು 300 ಪೌಂಡ್: 80 ದಾಟಿದ ಯಜಮಾನರಿಗೆ 200, ನಿಮಗೆ 100. ನಿಮ್ಮ 9,000ಕ್ಕೆ ಮೈಸೂರಿನ ಬಾಡಿಗೆ ಸೇರಿಸಿದರೂ ಮಿತಿ ಎಲ್ಲೋ ದೂರದಲ್ಲಿದೆ, ಹಾಗಾಗಿ ನಿಮ್ಮ 100 ನಿಮಗೇ ಉಳಿಯುತ್ತದೆ. ಯಜಮಾನರದು 1,000 ಪೌಂಡ್ ಜಾಸ್ತಿ ಇರುವುದರಿಂದ ಅವರ 200 ಪೌಂಡ್ ಪೂರ್ತಿ ವಾಪಸ್ ಹೋಗುತ್ತದೆ. ಸ್ವಲ್ಪ ದಾಟಿದರೆ ಸ್ವಲ್ಪ ಕಡಿತ ಎಂಬ ಲೆಕ್ಕ ಇಲ್ಲಿಲ್ಲ. ಒಂದು ಪೌಂಡ್ ದಾಟಿದರೂ ಅಷ್ಟೂ ಹೋಯಿತು. ನನಗೆ ಇದು ಸರಿ ಅನ್ನಿಸುವುದಿಲ್ಲ, ಆದರೆ ನಿಯಮ ಹಾಗಿದೆ. ವಾಪಸ್ ಕೊಡಲು ಅವರು ಚೆಕ್ ಬರೆಯಬೇಕಿಲ್ಲ, 2026ರ ಏಪ್ರಿಲ್‌ನಿಂದ ಟ್ಯಾಕ್ಸ್ ಕೋಡ್ (ಪೆನ್ಷನ್‌ನಿಂದ ಎಷ್ಟು ತೆರಿಗೆ ಹಿಡಿಯಬೇಕು ಎಂಬುದರ ಗುರುತು) ಬದಲಿಸಿ ತಿಂಗಳಿಗೆ ಸುಮಾರು 17 ಪೌಂಡ್ ಹಿಡಿದುಕೊಳ್ಳುತ್ತಾರೆ. ಸೆಲ್ಫ್ ಅಸೆಸ್‌ಮೆಂಟ್ (ತಮ್ಮ ಆದಾಯದ ಲೆಕ್ಕವನ್ನು ತಾವೇ ತೆರಿಗೆ ಇಲಾಖೆಗೆ ಕೊಡುವ ಪತ್ರ) ಸಲ್ಲಿಸುವವರಾದರೆ ಆ ಲೆಕ್ಕದಲ್ಲೇ ಸೇರಿಹೋಗುತ್ತದೆ. ಯಾರಾದರೂ ಫೋನ್ ಮಾಡಿ 'ಈಗಲೇ ಕಾರ್ಡಿನಲ್ಲಿ ವಾಪಸ್ ಕಟ್ಟಿ' ಅಂದರೆ ಅದೂ ಮೋಸವೇ.

ಬಾಡಿಗೆ ವಿಷಯ ಬಂತಲ್ಲ, ಅದಕ್ಕೆ ಒಂದು ಮಾತು. ಊರಿನ ಮನೆಯ ಬಾಡಿಗೆ ಊರಿನಲ್ಲೇ ಇರುತ್ತದೆ, ಇಲ್ಲಿ ಯಾಕೆ ಹೇಳಬೇಕು ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ನೆಲೆಸಿದವರ ಆದಾಯ ಅಂದರೆ ಸಾಮಾನ್ಯವಾಗಿ ಎಲ್ಲ ದೇಶದ್ದೂ ಸೇರಿ. 34,000ದ ಆಸುಪಾಸಿನಲ್ಲಿ ಇರುವವರು ಇದನ್ನು ಮರೆಯಬೇಡಿ.

ಹೋದ ವರ್ಷ ಯಾಕೆ ಬರಲಿಲ್ಲ ಅಂತಲೂ ಹೇಳಿಬಿಡುತ್ತೇನೆ. ಈ ದುಡ್ಡು ಶುರುವಾಗಿದ್ದು 1997ರಲ್ಲಿ, ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ. ಆಮೇಲೆ ಎರಡೂವರೆ ದಶಕ ಶ್ರೀಮಂತರು ಬಡವರು ಎನ್ನದೆ ವಯಸ್ಸಾದ ಎಲ್ಲರಿಗೂ ಬರುತ್ತಿತ್ತು. 2024ರ ಜುಲೈನಲ್ಲಿ ಹೊಸ ಹಣಕಾಸು ಮಂತ್ರಿ ರೇಚಲ್ ರೀವ್ಸ್, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇನ್ನು ಪೆನ್ಷನ್ ಕ್ರೆಡಿಟ್‌ನಂಥ ಕಡಿಮೆ ಆದಾಯದವರ ನೆರವು ಪಡೆಯುವವರಿಗೆ ಮಾತ್ರ ಎಂದರು. ಒಂದೇ ಏಟಿಗೆ ಸುಮಾರು ಒಂದು ಕೋಟಿ ಹಿರಿಯರ ಕೈತಪ್ಪಿತು. ಜನ ಸುಮ್ಮನಿರಲಿಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿದು ಈ 35,000ದ ಮಿತಿ ತಂದಿತು. ಹೋದ ವರ್ಷದ್ದನ್ನು ಮಾತ್ರ ಯಾರಿಗೂ ತಿರುಗಿ ಕೊಡುತ್ತಿಲ್ಲ.

ನಿಮಗೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಕಾಗದ ಬರುತ್ತದೆ, ಎಷ್ಟು ಎಂದು ಅದರಲ್ಲೇ ಇರುತ್ತದೆ. ದುಡ್ಡು ನವೆಂಬರ್, ಡಿಸೆಂಬರ್‌ನಲ್ಲಿ ಅಕೌಂಟಿಗೆ ಬೀಳುತ್ತದೆ. ಸ್ಟೇಟ್‌ಮೆಂಟಿನಲ್ಲಿ ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ (ದುಡಿಯುವವರು ಸರ್ಕಾರಕ್ಕೆ ಕಟ್ಟುವ ವಿಮೆ) ನಂಬರಿನ ಮುಂದೆ 'ಡಿಡಬ್ಲ್ಯೂಪಿ ಡಬ್ಲ್ಯೂಎಫ್‌ಪಿ' (ಪೆನ್ಷನ್ ನೋಡಿಕೊಳ್ಳುವ ಇಲಾಖೆ ಮತ್ತು ಈ ಪೇಮೆಂಟಿನ ಇಂಗ್ಲಿಷ್ ಮೊದಲಕ್ಷರಗಳು) ಎಂದು ಇರುತ್ತದೆ, ನೋಡಿಕೊಳ್ಳಿ.

ಪ್ರಶ್ನೆ: ಅಪ್ಪ ಅಮ್ಮ ನನ್ನ ಜೊತೆಗೇ ಇದ್ದಾರೆ. ಅಪ್ಪನಿಗೆ 82, ಅಮ್ಮನಿಗೆ 76. ಇಬ್ಬರೂ ಇಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ಗ್ಯಾಸ್, ಕರೆಂಟ್ ಬಿಲ್ ಎಲ್ಲ ನನ್ನ ಹೆಸರಿನಲ್ಲಿ. ನನ್ನ ಸಂಬಳವೂ ಚೆನ್ನಾಗಿದೆ. ಅವರು ಇದನ್ನು ಕೇಳಬಹುದಾ?
– ರೆಡಿಂಗ್‌ನ ಓದುಗರು

ಉತ್ತರ: ನಿಮ್ಮ ಸಂಬಳ ಲೆಕ್ಕಕ್ಕಿಲ್ಲ, ಬಿಲ್ ಯಾರ ಹೆಸರಿನಲ್ಲಿದೆ ಎಂಬುದೂ ಲೆಕ್ಕಕ್ಕಿಲ್ಲ. ಈ ದುಡ್ಡು ಹಿರಿಯರಿಗೆ ಸೇರಿದ್ದು, ಮೀಟರಿಗಲ್ಲ. ಕೆಲಸ ಮಾಡಿ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿರಬೇಕು ಎಂದೂ ಇಲ್ಲ. ನೋಡುವುದು ಎರಡು: 1959ರ ಸೆಪ್ಟೆಂಬರ್ 22ಕ್ಕೆ ಮೊದಲು ಹುಟ್ಟಿರಬೇಕು, 2025ರ ಸೆಪ್ಟೆಂಬರ್ 15ರಿಂದ 21ರ ವಾರದಲ್ಲಿ ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ವಾಸವಿರಬೇಕು.

ಆದರೆ ನೀವು ಬರೆಯದ ಒಂದು ವಿಷಯವೇ ಇಲ್ಲಿ ಮುಖ್ಯ. ಅವರ ವೀಸಾ ಯಾವುದು? ಸುಮ್ನೆ ನೋಡಿಹೋಗಲು ಬಂದ ವಿಸಿಟರ್ ವೀಸಾ ಆದರೆ ಇಲ್ಲ. 'ನೋ ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂಬ ಷರತ್ತು ಇದ್ದರೆ ಕೇಳಲೇಬೇಡಿ, ತಪ್ಪಾಗಿ ಕೇಳಿದರೆ ಮುಂದೆ ಅವರ ವೀಸಾಕ್ಕೇ ತೊಂದರೆ. ಕಾಯಂ ವಾಸದ ಅನುಮತಿ ಅಥವಾ ಪೌರತ್ವ ಇದ್ದರೆ ಧೈರ್ಯವಾಗಿ ಕೇಳಿ. ಇನ್ನು ಕೆಲವರ ಅಪ್ಪ ಅಮ್ಮಂದಿರು, 'ಇವರ ಖರ್ಚೆಲ್ಲ ನನ್ನದು' ಎಂದು ಮಕ್ಕಳು ಬರೆದುಕೊಟ್ಟ ಮೇಲೆ ಬಂದಿರುತ್ತಾರೆ. ಅಂಥವರು ಅರ್ಜಿ ಹಾಕುವ ಮೊದಲು ಜನರಿಗೆ ಸಲಹೆ ಕೊಡುವ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನ ಹತ್ತಿರದ ಕಚೇರಿಗೆ ಕಾಗದಪತ್ರ ತೋರಿಸಿ ಕೇಳಿ. ಅಲ್ಲಿ ಫೀಸ್ ಇಲ್ಲ.

ನಿಮ್ಮ ತಂದೆ ತಾಯಿಗೆ ಸ್ಟೇಟ್ ಪೆನ್ಷನ್ ಇಲ್ಲವಾದ್ದರಿಂದ ತಾನಾಗಿ ಬರುವುದಿಲ್ಲ, ಮೊದಲ ಸಲ ಅರ್ಜಿ ಹಾಕಬೇಕು. ಫೋನಿನಲ್ಲೂ ಆಗುತ್ತದೆ, ಅಂಚೆಯಲ್ಲೂ ಆಗುತ್ತದೆ. 2026ರ ಮಾರ್ಚ್ 31 ಕೊನೆಯ ದಿನ. ಅಪ್ಪನಿಗೆ 200, ಅಮ್ಮನಿಗೆ 100 ಬರಬೇಕು.

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನಲ್ಲಿ 30 ವರ್ಷ ಕೆಲಸ ಮಾಡಿ ಈಗ ಮೈಸೂರಿಗೆ ಬಂದು ನೆಲೆಸಿದ್ದೇನೆ. ಬ್ರಿಟನ್ ಪೆನ್ಷನ್ ಬರುತ್ತಿದೆ. ಚಳಿಗಾಲದ ದುಡ್ಡು ನನಗೂ ಬರುತ್ತದೆಯೇ?
– ಮೈಸೂರಿನ ಓದುಗರು

ಉತ್ತರ: ಇಲ್ಲ ಸರ್, ಭಾರತದಲ್ಲಿ ನೆಲೆಸಿದವರಿಗೆ ಇದು ಸಿಗುವುದಿಲ್ಲ. ನಿಮ್ಮ ಪೆನ್ಷನ್ ವರ್ಷ ವರ್ಷ ಏರದೆ ನಿಂತಲ್ಲೇ ನಿಂತಿರುವುದನ್ನೂ ನೀವು ಗಮನಿಸಿರಬೇಕು. ಭಾರತಕ್ಕೆ ಬಂದು ನೆಲೆಸಿದವರ ಸ್ಟೇಟ್ ಪೆನ್ಷನ್ ಬ್ರಿಟನ್ನಿನಲ್ಲಿ ಏರುವಂತೆ ಏರುವುದಿಲ್ಲ. ದುಡಿದಷ್ಟೂ ವರ್ಷ ಎಲ್ಲರಂತೆ ಕಟ್ಟಿದವರಿಗೆ ಹೀಗೆ ಮಾಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ತಂಗಿಗೆ 200 ಪೌಂಡ್ ಅಂತೆ, ನನಗೆ 203 ಚಿಲ್ಲರೆ ಅಂತೆ. ತಪ್ಪಾಗಿದೆಯಾ?
– ಗ್ಲಾಸ್ಗೋದ ಓದುಗರು

ಉತ್ತರ: ತಪ್ಪಿಲ್ಲ. ಸ್ಕಾಟ್ಲೆಂಡಿನದು ಬೇರೆ ಯೋಜನೆ, ಹೆಸರೂ ಬೇರೆ: ಪೆನ್ಷನ್ ಏಜ್ ವಿಂಟರ್ ಹೀಟಿಂಗ್ ಪೇಮೆಂಟ್. ಒಬ್ಬರೇ ಇರುವವರಿಗೆ 203.40 ಪೌಂಡ್, 80 ದಾಟಿದ್ದರೆ 305.10. 35,000ದ ಮಿತಿ ಅಲ್ಲೂ ಇದೆ. ಏನೇ ವಿಚಾರಿಸಬೇಕಿದ್ದರೂ ಅಲ್ಲಿ ಈ ದುಡ್ಡು ಕೊಡುವ ಸೋಷಿಯಲ್ ಸೆಕ್ಯೂರಿಟಿ ಸ್ಕಾಟ್ಲೆಂಡನ್ನು ಕೇಳಿ.

ಪ್ರಶ್ನೆ: ನನಗೆ 78. ಮನೆಯವರು ತೀರಿಕೊಂಡು ನಾಲ್ಕು ವರ್ಷ. ಒಬ್ಬನೇ ಇದ್ದೇನೆ. ವಾರಕ್ಕೆ 200 ಪೌಂಡ್ ಪೆನ್ಷನ್, ಬೇರೆ ಏನಿಲ್ಲ. ಇಲ್ಲಿನ ಬ್ಯಾಂಕಿನಲ್ಲಿ 2,000 ಪೌಂಡ್, ಬೆಂಗಳೂರಿನಲ್ಲಿ ಎಂಟು ಲಕ್ಷ ರೂಪಾಯಿ ಎಫ್‌ಡಿ ಇದೆ. ಹೀಟಿಂಗ್ ಹಾಕಿದರೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ, ಹಾಗಾಗಿ ಸ್ವೆಟರ್ ಮೇಲೆ ಶಾಲು ಹೊದ್ದು ಕೂರುತ್ತೇನೆ. ಪೆನ್ಷನ್ ಕ್ರೆಡಿಟ್ ಕೇಳು ಅನ್ನುತ್ತಾರೆ ಸ್ನೇಹಿತರು. ಇಷ್ಟು ವರ್ಷ ಯಾರ ಮುಂದೆಯೂ ಕೈ ಚಾಚಿಲ್ಲ. ಜನವರಿಯಲ್ಲಿ ತಮ್ಮನ ಮನೆಗೆ, ಬೆಂಗಳೂರಿಗೆ, ಎರಡು ತಿಂಗಳು ಹೋಗುವ ಯೋಚನೆಯೂ ಇದೆ.
– ಕೊವೆಂಟ್ರಿಯ ಓದುಗರು

ಉತ್ತರ: ಸರ್, ನಿಮ್ಮ ಪತ್ರ ಓದಿ ಸಂಕಟವಾಯಿತು. ಶಾಲು ಹೊದ್ದು ಕೂರುವುದು ನಮ್ಮೂರಿನ ಚಳಿಗೆ ಸರಿ. ಅಲ್ಲಿನ ಚಳಿಗೆ ಸಾಲದು. ಮನೆ ತಣ್ಣಗಿದ್ದರೆ ವಯಸ್ಸಾದವರ ರಕ್ತನಾಳ ಬಿಗಿದುಕೊಂಡು ಬಿಪಿ ಏರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಭಯ ಜಾಸ್ತಿಯಾಗುತ್ತದೆ. ಎದೆಯ ಸೋಂಕಂತೂ ಕಾದೇ ಇರುತ್ತದೆ. ಕೂರುವ ಕೋಣೆ, ಮಲಗುವ ಕೋಣೆ ಎರಡೂ ಕಡಿಮೆ ಅಂದರೂ 18 ಡಿಗ್ರಿ ಇರಬೇಕು ಎಂದು ಅಲ್ಲಿನ ವೈದ್ಯರೇ ಹೇಳುತ್ತಾರೆ. ದಯವಿಟ್ಟು ಇವತ್ತಿನಿಂದಲೇ ಹೀಟಿಂಗ್ ಹಾಕಿ. ಇನ್ನೊಂದು, ಉಳಿತಾಯಕ್ಕೆ ಎಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮನೆಯೊಳಗೆ ಯಾವ ಕಾರಣಕ್ಕೂ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ನೀವು ಒಬ್ಬರೇ ಇರುವುದರಿಂದ, 80 ದಾಟದಿದ್ದರೂ ಚಳಿಗಾಲದ 200 ಪೌಂಡ್ ಪೂರ್ತಿ ನಿಮಗೆ ತಾನಾಗಿಯೇ ಬರುತ್ತದೆ. ಆದರೆ ನಿಮಗೆ ಸಿಗಬೇಕಾದದ್ದು ಅದಕ್ಕಿಂತ ತುಂಬಾ ಜಾಸ್ತಿ ಇದೆ. ಒಬ್ಬರೇ ಇರುವ ಹಿರಿಯರ ಆದಾಯ ವಾರಕ್ಕೆ 227.10 ಪೌಂಡ್‌ಗಿಂತ ಕಡಿಮೆ ಇದ್ದರೆ ಉಳಿದದ್ದನ್ನು ತುಂಬಿಕೊಡುವುದೇ ಪೆನ್ಷನ್ ಕ್ರೆಡಿಟ್. ನಿಮಗೆ 200 ಬರುತ್ತಿದೆ, ಅಂದರೆ ವಾರಕ್ಕೆ 27.10 ಪೌಂಡ್ ಸಿಗಬೇಕು. ವರ್ಷಕ್ಕೆ 1,400ಕ್ಕೂ ಹೆಚ್ಚು! ಉಳಿತಾಯ 10,000 ಪೌಂಡ್ ದಾಟುವವರೆಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಎಫ್‌ಡಿಯನ್ನೂ ಹೇಳಲೇಬೇಕು, ಮುಚ್ಚಿಡಬೇಡಿ. ಇಲ್ಲಿನದು ಅಲ್ಲಿನದು ಸೇರಿದರೂ ನಿಮ್ಮದು ಆ ಮಿತಿಯೊಳಗೇ ಇದೆ.

ಪೆನ್ಷನ್ ಕ್ರೆಡಿಟ್ ಒಂದು ಸಿಕ್ಕಿತೆಂದರೆ ಅದರ ಹಿಂದೆಯೇ ಬೇರೆಯವೂ ಬರುತ್ತವೆ. ವಾರ್ಮ್ ಹೋಮ್ ಡಿಸ್ಕೌಂಟ್ ಎಂದು ಬಿಲ್ಲಿನಲ್ಲಿ 150 ಪೌಂಡ್ ಕಡಿತ. ನಿಮ್ಮ ಪ್ರದೇಶದಲ್ಲಿ ಏಳು ದಿನ ಸತತವಾಗಿ ಸರಾಸರಿ ಉಷ್ಣಾಂಶ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ, ಅಂಥ ಪ್ರತಿ ಸಲಕ್ಕೆ 25 ಪೌಂಡ್ ಕೋಲ್ಡ್ ವೆದರ್ ಪೇಮೆಂಟ್, ನವೆಂಬರ್‌ನಿಂದ ಮಾರ್ಚ್‌ವರೆಗೆ. 75 ದಾಟಿರುವುದರಿಂದ ಟಿವಿ ಲೈಸೆನ್ಸ್ ಉಚಿತ. ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸಿನಲ್ಲೂ ರಿಯಾಯಿತಿ ಸಿಗಬಹುದು. ಬೇಗ ಅರ್ಜಿ ಹಾಕಿ, ಯಾಕೆಂದರೆ ಹಿಂದಿನ ಮೂರು ತಿಂಗಳದ್ದನ್ನು ಮಾತ್ರ ಕೊಡುತ್ತಾರೆ. ತಡ ಮಾಡಿದ ಒಂದೊಂದು ವಾರವೂ ನಿಮ್ಮ 27 ಪೌಂಡ್ ಹೋದಂತೆ.

ಕೈ ಚಾಚುವ ಮಾತು ಬರೆದಿದ್ದೀರಿ. ನಿಮ್ಮ ಸಂಕೋಚ ಅರ್ಥವಾಗುತ್ತದೆ, ನಮ್ಮ ಹಿರಿಯರು ಬೆಳೆದು ಬಂದದ್ದೇ ಹಾಗೆ. ಆದರೆ ನೀವು ದುಡಿಯುತ್ತಿದ್ದಾಗ ಕಟ್ಟಿದ ಟ್ಯಾಕ್ಸಿನಿಂದ ಆಗಿನ ಮುದುಕರ ಮನೆ ಬೆಚ್ಚಗಿತ್ತು ಅಲ್ವಾ? ಅವರು ನಿಮ್ಮ ಮುಂದೆ ಕೈ ಚಾಚಿದರು ಎಂದು ನಿಮಗೆ ಯಾವತ್ತಾದರೂ ಅನ್ನಿಸಿತ್ತೇ? ಈಗ ನಿಮ್ಮ ಸರದಿ, ಅಷ್ಟೇ.

ಬೆಂಗಳೂರಿನ ಪ್ರಯಾಣ ಮಾತ್ರ ಸ್ವಲ್ಪ ಯೋಚಿಸಿ. ಚಳಿಗಾಲದ 200 ಪೌಂಡ್‌ಗೆ ಅದರಿಂದ ತೊಂದರೆಯಿಲ್ಲ, ಅದಕ್ಕೆ ನೋಡುವುದು ಸೆಪ್ಟೆಂಬರ್ ವಾರವನ್ನು. ಆದರೆ ಪೆನ್ಷನ್ ಕ್ರೆಡಿಟ್ ಪಡೆಯುವವರು ಸಾಮಾನ್ಯವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ದಿನ ದೇಶದ ಹೊರಗೆ ಇರುವಂತಿಲ್ಲ. ಎರಡು ತಿಂಗಳು ಹೋದರೆ ನಿಂತುಹೋಗುತ್ತದೆ, ಬಂದ ಮೇಲೆ ಮತ್ತೆ ಅರ್ಜಿ ಹಾಕಬೇಕು. ಹೇಳದೆ ಹೋದರೆ ಆಮೇಲೆ ಬಡ್ಡಿಯಿಲ್ಲದ ಸಾಲದಂತೆ ವಾಪಸ್ ಕೇಳುತ್ತಾರೆ, ದಂಡವೂ ಬೀಳಬಹುದು. ಹೋಗಬೇಡಿ ಎನ್ನುತ್ತಿಲ್ಲ. ತಮ್ಮನ ಮನೆಯ ಎರಡು ತಿಂಗಳು ನಿಮಗೆ ಆ ದುಡ್ಡಿಗಿಂತ ದೊಡ್ಡದಾಗಿ ಕಂಡರೆ ಖಂಡಿತ ಹೋಗಿ, ಹೊರಡುವ ಮೊದಲು ಅವರಿಗೆ ತಿಳಿಸಿ ಹೋಗಿ.

ಅರ್ಜಿಗೆ 0800 99 1234ಕ್ಕೆ ಫೋನ್ ಮಾಡಿ, ಕರೆ ಉಚಿತ. ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕ್ ವಿವರ, ಎಫ್‌ಡಿ ರಸೀದಿ ಪಕ್ಕದಲ್ಲಿ ಇಟ್ಟುಕೊಳ್ಳಿ. 'ಮೂರು ತಿಂಗಳ ಹಿಂದಿನಿಂದ ಬೇಕು' ಎಂದು ಬಾಯಿಬಿಟ್ಟು ಕೇಳಿ. ಇಂಗ್ಲಿಷಿನಲ್ಲಿ ಫೋನಿನ ಮಾತು ಕಷ್ಟ ಅನ್ನಿಸಿದರೆ ದುಭಾಷಿ ಬೇಕು ಎನ್ನಬಹುದು. ಒಂದು ವೇಳೆ 'ಇಲ್ಲ' ಎಂದು ಕಾಗದ ಬಂದರೆ ಹರಿದು ಹಾಕಬೇಡಿ, ಅದರ ಮೇಲಿನ ತಾರೀಖಿನಿಂದ ಒಂದು ತಿಂಗಳೊಳಗೆ ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಆ ಕಾಗದದ ಪ್ರತಿಯನ್ನು ನನಗೂ ಕಳಿಸಿ, ಒಟ್ಟಿಗೆ ಕೂತು ಉತ್ತರ ಬರೆಯೋಣ.