ಮುರುಡ್‌ಗೆ ಹೋದರೆ ಎರಡು ದಿನ ಇದ್ದು ಬನ್ನಿ

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನೂ ಅತ್ತೆ-ಮಾವನನ್ನೂ ಕರೆದುಕೊಂಡು ಮಹಾರಾಷ್ಟ್ರದ ಕರಾವಳಿಯ ಮುರುಡ್‌ಗೆ ಹೊರಟಿದ್ದೀರಿ. ಪಕ್ಕದ ಮನೆಯವರು "ಜಂಜೀರಾ ಕೋಟೆ ಬಿಟ್ಟರೆ ಅಲ್ಲೇನಿದೆ, ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಿ" ಅಂದರಂತೆ. ಎರಡು ದಿನ ಉಳಿಯುವಂಥ ಊರಾ ಅದು ಅಂತ ಕೇಳಿದ್ದೀರಿ.

ಖಂಡಿತ ಉಳಿಯಿರಿ. ಸಮುದ್ರದ ನಡುವಿನ ಆ ಕೋಟೆಯನ್ನೇ ಸರಿಯಾಗಿ ನೋಡೋದಕ್ಕೆ ಅರ್ಧ ದಿನ ಬೇಕು. ರಾಜಪುರಿ ಧಕ್ಕೆಯಿಂದ ಹಾಯಿದೋಣಿ ಹೊರಟಾಗ ಎದುರಿಗೆ ಬರೀ ಗೋಡೆ ಕಾಣುತ್ತದೆ, ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ತೀರಾ ಹತ್ತಿರ ಹೋದ ಮೇಲಷ್ಟೇ ಅದು ಕಣ್ಣಿಗೆ ಬೀಳುತ್ತದೆ. ಆ ಬಾಗಿಲ ಬಳಿ ಹುಲಿಯಂಥ ಪ್ರಾಣಿಯೊಂದು ಉಗುರುಗಳಲ್ಲಿ ಆನೆಗಳನ್ನು ಅದುಮಿ ಹಿಡಿದ ಕೆತ್ತನೆ ಇದೆ. ಮಕ್ಕಳಿಗೆ ತಪ್ಪದೆ ತೋರಿಸಿ. ಒಳಗೆ ಸಿಹಿನೀರಿನ ಕೆರೆಗಳಿವೆ. ಸುತ್ತ ಉಪ್ಪುನೀರು ಇದ್ದೂ ಇಷ್ಟು ಕಾಲ ಜನ ಅಲ್ಲಿ ಬದುಕಿದ್ದು ಆ ಕೆರೆಗಳಿಂದಲೇ.

ಗೈಡ್‌ಗಳು ಯಾರೂ ಗೆಲ್ಲದ ಕೋಟೆ ಅಂತ ಹೇಳಿ ಕಲಾಲ್ ಬಾಂಗ್ಡಿ ಅನ್ನೋ ಫಿರಂಗಿಯ ಮುಂದೆ ಫೋಟೋ ತೆಗೆಸಿ ಕಳಿಸಿಬಿಡುತ್ತಾರೆ. ಇದನ್ನು ಕಾಪಾಡಿಕೊಂಡವರು ಯಾರು ಅನ್ನೋದು ನನಗೆ ಅದಕ್ಕಿಂತ ದೊಡ್ಡ ವಿಷಯ. ಅವರು ಆಫ್ರಿಕಾ ಮೂಲದ ಸಿದ್ದಿಗಳು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಮೂಲವೂ ಆಫ್ರಿಕಾನೇ, ಆದರೆ ಅವರದು ಕಾಡಂಚಿನ ಬದುಕು. ಇಲ್ಲಿಯವರು ಹಡಗುಪಡೆ ಕಟ್ಟಿದರು, ರಾಜ್ಯವನ್ನೇ ಆಳಿದರು. 1948ರವರೆಗೂ ಇದು ಸಿದ್ದಿ ನವಾಬರ ಸಂಸ್ಥಾನ. ರಾಜಪುರಿಯ ಹತ್ತಿರ ಖೋಕರಿಯಲ್ಲಿ ಆ ಅರಸರ ಕಲ್ಲಿನ ಗೋರಿಗಳಿವೆ. ಜನ ಜಾಸ್ತಿ ಹೋಗುವುದಿಲ್ಲ, ನೀವು ಹೋಗಿ.

ಸಂಜೆ ಮುರುಡ್ ಬೀಚಿನಿಂದ ಸಮುದ್ರದ ಕಡೆ ನೋಡಿದರೆ ಇನ್ನೊಂದು ಕೋಟೆ ಕಾಣುತ್ತದೆ. ಅದು ಪದ್ಮದುರ್ಗ. ಜಂಜೀರಾಕ್ಕೆ ಎದುರಾಗಿ ಶಿವಾಜಿ ಕಟ್ಟಿಸಿದ್ದು. ಎರಡನ್ನೂ ನೋಡಿದ ಮೇಲೆಯೇ ಈ ಸಮುದ್ರಕ್ಕಾಗಿ ಎಂಥ ಹೋರಾಟ ನಡೆದಿತ್ತು ಅನ್ನೋದು ಮಕ್ಕಳಿಗೂ ಅರ್ಥವಾಗುತ್ತದೆ.

ಎರಡನೇ ದಿನ ಬೆಳಿಗ್ಗೆ ಬೇಗ ಫಣಸಾಡ್ ಅಭಯಾರಣ್ಯಕ್ಕೆ ಹೋಗಿ. ಮೊದಲು ನವಾಬರು ಬೇಟೆಯಾಡುತ್ತಿದ್ದ ಕಾಡು, 1986ರಿಂದ ಅಭಯಾರಣ್ಯ. ಸದ್ದು ಮಾಡದೆ ತಲೆಯೆತ್ತಿ ನಡೆದರೆ ಮರದ ತುದಿಯಲ್ಲಿ ದೊಡ್ಡ ಕೆಂಜಳಿಲು ಸಿಗಬಹುದು. ಮಹಾರಾಷ್ಟ್ರದ ರಾಜ್ಯ ಪ್ರಾಣಿ, ಮರಾಠಿಯಲ್ಲಿ ಶೇಕರೂ.

ವಾಪಸ್ ಬರುವಾಗ ಕೊರ್ಲಾಯಿಯಲ್ಲಿ ಇಳಿಯಿರಿ. ಗುಡ್ಡದ ಮೇಲೆ ಪೋರ್ಚುಗೀಸರ ಕೋಟೆ, ಕೆಳಗೆ ಹಳ್ಳಿ. ಪೋರ್ಚುಗೀಸರು 1740ರಲ್ಲೇ ಈ ಕಡೆಯ ತಮ್ಮ ನೆಲೆ ಚೌಲ್ ಬಿಟ್ಟು ಹೋದರು. ಆದರೂ ಈ ಹಳ್ಳಿಯ ಕ್ರೈಸ್ತರ ಮನೆಗಳಲ್ಲಿ ಪೋರ್ಚುಗೀಸಿನಿಂದ ಹುಟ್ಟಿ, ಮರಾಠಿಯ ಜೊತೆ ಬೆಳೆದ ಭಾಷೆ ಇನ್ನೂ ಉಳಿದಿದೆ. ಸುತ್ತ ಎಲ್ಲಾ ಮರಾಠಿ, ಶಾಲೆಯೂ ಮರಾಠಿ, ಮನೆಯಲ್ಲಿ ಮಾತ್ರ ತಮ್ಮ ನುಡಿ. ಮುಂಬಯಿಯಲ್ಲಿ ಮಕ್ಕಳ ಜೊತೆ ಕನ್ನಡ ಮಾತಾಡುವ ನಮಗೆ ಇದು ಮನಸ್ಸಿಗೆ ತಟ್ಟುತ್ತದೆ, ಅಲ್ವಾ?

ಅತ್ತೆಯವರಿಗೆ ಮಂಡಿನೋವು ಅಂತ ಬರೆದಿದ್ದೀರಿ. ಅಲೆಗೆ ತೂಗುವ ದೋಣಿಯಿಂದ ಕೋಟೆಯ ಮೆಟ್ಟಿಲಿಗೆ ಕಾಲಿಡೋದು ಅವರಿಗೆ ಕಷ್ಟವಾಗಬಹುದು. ಒತ್ತಾಯ ಮಾಡಬೇಡಿ, ರಾಜಪುರಿಯ ದಡದಲ್ಲಿ ಕೂತರೂ ಕೋಟೆ ಪೂರ್ತಿ ಕಾಣುತ್ತದೆ. ಶನಿವಾರ-ಭಾನುವಾರ ದೋಣಿಗೆ ನೂಕುನುಗ್ಗಲು. ರಜೆ ಹೇಗೂ ಇದೆ, ವಾರದ ಮಧ್ಯೆ ಹೋಗಿ.

— ಸಂಪಾದಕ